ಬಿಟ್ಟಿ ಹಾಡಿನ ಬೆಲೆ

ನಮ್ಮ ಕಾಪುವಿನ ಕಡಲ ಬದಿಯಲ್ಲಿ, ಬಂಡೆಯ ನೆತ್ತಿಯ ಮೇಲೆ, ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವೊಂದಿದೆ. ಅದನ್ನು ನೋಡಲೆಂದು ದೂರದೂರುಗಳಿಂದ ಜನ ಬರುತ್ತಾರೆ. ಊರಿನವರಾದ ನಮಗೆ ಮಾತ್ರ ಅದು ಮನೆಯ ಗೋಡೆ ಗಡಿಯಾರದ ಹಾಗೆ. ಅದು ಅಲ್ಲಿದೆ ಎಂಬುದೇ ನೆನಪಿಗೆ ಬರುವುದಿಲ್ಲ. ಮೊನ್ನೆ ಒಂದು ಸಂಜೆ ಕಾಲೇಜಿಗೆ ಹೋಗುವ ಮೊಮ್ಮಗನ ಜತೆ ಆ ಕಡೆ ನಡೆದು ಮರಳಿನ ಮೇಲೆ ಕುಳಿತಿದ್ದೆ. ಅವನ ಕೈಯಲ್ಲಿ ಮೊಬೈಲು. ಅದರಿಂದ ಯಕ್ಷಗಾನದ ಪದವೊಂದು ಕೇಳಿಬರುತ್ತಿತ್ತು. ಒಳ್ಳೆಯ ಕಂಠ, ಚೆಂಡೆಯ ಪೆಟ್ಟೂ ಸ್ಪಷ್ಟವಾಗಿತ್ತು. “ಎಲ್ಲಿಂದ ತಂದೆಯೊ ಇದನ್ನು?” ಎಂದೆ. “ಡೌನ್‌ಲೋಡ್ ಮಾಡಿದ್ದು ಅಜ್ಜ, ಫ್ರೀ ಉಂಟು” ಎಂದ. “ಹಾಡಿದವರಿಗೆ ಏನು ಸಿಕ್ಕಿತು?” ಎಂದು ಕೇಳಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, “ಅವರದ್ದು ಹೋದದ್ದೇನು ಅಜ್ಜ? ಅವರ ಹಾಡು ಅವರ ಹತ್ತಿರವೇ ಉಂಟಲ್ಲ!” ಎಂದ.

ನಾವು ಆಡಿದ್ದು ತುಳುವಿನಲ್ಲಿ. ನಿಮಗೆ ಹೇಳುತ್ತಿರುವುದು ಕನ್ನಡದಲ್ಲಿ. ಯಾವ ಭಾಷೆಯಲ್ಲಿ ಕೇಳಿದರೂ ಆ ಪ್ರಶ್ನೆ ಗಟ್ಟಿಯಾದದ್ದೇ. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ “ಕಳವು ಮಾಡಬಾರದು” ಎಂದು ಪಾಠ ಹೇಳಿದ ನನಗೆ, ಇದು ಕಳವೇ ಹೌದೋ ಅಲ್ಲವೋ ಎಂಬ ಅನುಮಾನ ಅಂದು ಬಂದಿತು. ಅಂದಿನಿಂದ ಯೋಚಿಸಿ ನನಗೆ ತೋರಿದುದನ್ನು ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಹುಡುಗನ ಮಾತಿನಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳೋಣ. ನಮ್ಮ ನೆರೆಯ ಮಟ್ಟುವಿನಲ್ಲಿ ಬೆಳೆಯುವ ಗುಳ್ಳ ಬದನೆಯ ವಿಷಯ ನೀವೆಲ್ಲ ಕೇಳಿದ್ದೀರಿ. ಒಬ್ಬನು ಬೆಳೆಗಾರನ ಬುಟ್ಟಿಯಿಂದ ಒಂದು ಗುಳ್ಳವನ್ನು ಎತ್ತಿಕೊಂಡು ಹೋದರೆ ಬುಟ್ಟಿಯಲ್ಲಿ ಒಂದು ಕಡಿಮೆಯಾಗುತ್ತದೆ. ಅದು ಕಳವು, ಅದರಲ್ಲಿ ಎರಡು ಮಾತಿಲ್ಲ. ಹಾಡು ಹಾಗಲ್ಲ. ಸಾವಿರ ಜನ ಅದನ್ನು ತೆಗೆದುಕೊಂಡರೂ ಹಾಡಿದವನ ಬುಟ್ಟಿ ಖಾಲಿಯಾಗುವುದಿಲ್ಲ. ನನ್ನ ಮುಂದೆಯೇ ನಿಂತಿತ್ತಲ್ಲ, ಆ ದೀಪಸ್ತಂಭ. ಹಾಡು ಅದರ ಬೆಳಕಿನಂಥದು. ಒಂದು ದೋಣಿ ಬೆಳಕನ್ನು ಕಂಡಿತೆಂದು ಇನ್ನೊಂದು ದೋಣಿಗೆ ಕತ್ತಲಾಗುವುದಿಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜಾನ್ ಸ್ಟುವರ್ಟ್ ಮಿಲ್ ೧೮೪೮ರಷ್ಟು ಹಿಂದೆಯೇ, ಎಲ್ಲರಿಗೂ ಉಪಯೋಗವಾಗಿ ಯಾರಿಂದಲೂ ಬೆಲೆ ವಸೂಲು ಮಾಡಲಾಗದ ವಸ್ತುವಿಗೆ ಉದಾಹರಣೆಯಾಗಿ ದೀಪಸ್ತಂಭವನ್ನೇ ಹೆಸರಿಸಿದ್ದ.

ಆದರೆ ಬೆಳಕು ಕಡಿಮೆಯಾಗದಿದ್ದರೂ ದೀಪದ ಎಣ್ಣೆ ಕಡಿಮೆಯಾಗುತ್ತದೆ. ರಾತ್ರಿಯೆಲ್ಲ ಎದ್ದಿರುವ ಕಾವಲುಗಾರನಿಗೆ ಸಂಬಳ ಬೇಕು. ಅದನ್ನು ಯಾರು ಕೊಟ್ಟರು? ೧೯೨೭ರ ದೀಪಸ್ತಂಭಗಳ ಕಾಯಿದೆಯ ಪ್ರಕಾರ ಬಂದರಿಗೆ ಬಂದುಹೋಗುವ ಹಡಗುಗಳಿಂದ ದೀಪದ ಸುಂಕವೆಂದು ವಸೂಲು ಮಾಡುತ್ತಿದ್ದರು. ೨೦೨೧ರಲ್ಲಿ ಆ ಕಾಯಿದೆಯ ಜಾಗಕ್ಕೆ ಬೇರೊಂದು ಬಂದಿದೆ. ಸುಂಕದ ಪದ್ಧತಿ ಉಳಿದಿದೆ. ಅಂದರೆ ನಮ್ಮ ಮೊಗವೀರರು ಆ ಬೆಳಕನ್ನು ಬಿಟ್ಟಿಯಾಗಿ ಕಂಡು ದಡ ಸೇರಿದರೆ, ಅದಕ್ಕೆ ಕಾರಣ ಬೇರೆ ಯಾರೋ ಎಣ್ಣೆಯ ಹಣ ಕೊಟ್ಟಿದ್ದರು ಎಂಬುದೇ. ಬಿಟ್ಟಿ ಎಂಬುದರ ನಿಜವಾದ ಅರ್ಥ ಇಷ್ಟೇ: ನಾವು ಕೊಡಲಿಲ್ಲ. ಯಾರೂ ಕೊಡಲಿಲ್ಲ ಎಂದಲ್ಲ.

ಹಾಡನ್ನು ಬಿಟ್ಟಿಯಾಗಿ ಕೇಳುವುದು ನಮ್ಮ ಸೀಮೆಯಲ್ಲಿ ಎಂದೂ ಅಪರಾಧವಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಟೀಲು, ಮಂದಾರ್ತಿಯ ಮೇಳಗಳ ಹರಕೆಯಾಟಗಳನ್ನೇ ತೆಗೆದುಕೊಳ್ಳಿ. ಗದ್ದೆಯಲ್ಲಿ ರಂಗಸ್ಥಳ, ಸುತ್ತ ಊರಿಗೆ ಊರೇ ಕುಳಿತಿರುತ್ತದೆ. ಟಿಕೇಟಿಲ್ಲ, ಬಾಗಿಲಿಲ್ಲ. ದಾರಿಯಲ್ಲಿ ಹೋಗುವವನೂ ನಿಂತು ನೋಡಬಹುದು. ಆದರೆ ಆ ಆಟಕ್ಕೆ ಹರಕೆ ಹೊತ್ತ ಒಬ್ಬ ಗೃಹಸ್ಥನಿದ್ದಾನೆ. ಅವನು ಮೇಳಕ್ಕೆ ವೀಳ್ಯ ಕೊಟ್ಟಿದ್ದಾನೆ, ಕಲಾವಿದರಿಗೆ ಊಟ ಹಾಕಿದ್ದಾನೆ. ಭಾಗವತರು ತಾವು ಯಾರಿಗಾಗಿ ಹಾಡುತ್ತಿದ್ದೇವೆ, ಎಷ್ಟಕ್ಕೆ ಹಾಡುತ್ತಿದ್ದೇವೆ ಎಂದು ತಿಳಿದೇ ಜಾಗಟೆ ಹಿಡಿದಿದ್ದಾರೆ. ಒಬ್ಬನ ಹರಕೆ, ಊರಿಗೆಲ್ಲ ಹಬ್ಬ. ಇಂಥ ಬಿಟ್ಟಿಯಲ್ಲಿ ನಾಚಿಕೆಪಡುವುದೇನೂ ಇಲ್ಲ.

ಅನಂತರ ಡೇರೆ ಮೇಳಗಳು ಬಂದುವು. ಅಲ್ಲಿ ಹರಕೆಯವನಿಲ್ಲ, ನೋಡುವವನೇ ವೀಳ್ಯ ಕೊಡಬೇಕು. ನೆಲಕ್ಕೊಂದು ದರ, ಬೆಂಚಿಗೊಂದು, ಕುರ್ಚಿಗೊಂದು. ನಾನು ಚಿಕ್ಕವನಾಗಿದ್ದಾಗ ನಮ್ಮಲ್ಲಿ ನಾಲ್ಕೈದು ಹುಡುಗರ ಒಂದು ತಂಡವಿತ್ತು. ದೊಂದಿಯ ಬೆಳಕು ಬೀಳದ ಕಡೆ ನೋಡಿ, ಡೇರೆಯ ಬದಿಯ ಬಟ್ಟೆಯನ್ನು ಎತ್ತಿ, ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗುತ್ತಿದ್ದೆವು. ಸಿಕ್ಕಿಬಿದ್ದರೆ ಒಂದು ಪೆಟ್ಟು. ಸಿಕ್ಕದಿದ್ದರೆ ಬೆಳಗಿನವರೆಗೆ ಆಟ. ನಾವು ಒಳಗೆ ನುಗ್ಗಿದ್ದರಿಂದ ಯಾರ ಕುರ್ಚಿಯೂ ಹೋಗಲಿಲ್ಲ, ಯಾರ ಕಣ್ಣಿಗೂ ಆಟ ಕಡಿಮೆ ಕಾಣಲಿಲ್ಲ. ಆದರೂ ತಾವು ಮಾಡುತ್ತಿರುವುದು ಸರಿಯಲ್ಲವೆಂದು ನಮಗೆ ಚೆನ್ನಾಗಿ ಗೊತ್ತಿತ್ತು. ಇಲ್ಲವಾದರೆ ಬಾಗಿಲಿನಿಂದಲೇ ಹೋಗುತ್ತಿದ್ದೆವಲ್ಲವೆ? ಹರಕೆಯಾಟದ ಬಿಟ್ಟಿಗೂ ಡೇರೆಯ ಬಟ್ಟೆ ಎತ್ತಿದ ಬಿಟ್ಟಿಗೂ ಇರುವ ವ್ಯತ್ಯಾಸ ಹತ್ತು ವರ್ಷದ ಹುಡುಗನಿಗೂ ತಿಳಿಯುತ್ತದೆ. ಮೊಬೈಲಿನಲ್ಲಿ ಮಾತ್ರ ಅದು ಕಾಣುವುದಿಲ್ಲ. ಏಕೆಂದರೆ ಅಲ್ಲಿ ಎಲ್ಲ ಬಾಗಿಲುಗಳೂ ಒಂದೇ ತರಹ ಇವೆ. ಯಾವುದು ಹೆಬ್ಬಾಗಿಲು, ಯಾವುದು ಎತ್ತಿದ ಬಟ್ಟೆ ಎಂದು ಬರೆದಿರುವುದಿಲ್ಲ.

ರೇಡಿಯೋದ ಹಾಡೂ ಪುಕ್ಕಟೆಯಲ್ಲ ಎಂಬುದು ಹಿರಿಯರಿಗೆ ನೆನಪಿರಬಹುದು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದರು. ೧೯೫೦ರಲ್ಲಿ ಧಾರವಾಡದ ನಿಲಯ, ೧೯೭೬ರಲ್ಲಿ ನಮ್ಮ ಮಂಗಳೂರಿನ ನಿಲಯ ಬಂದುವು. ನಮ್ಮ ಮನೆಯಲ್ಲಿ ರೇಡಿಯೋ ಬಂದ ಮೇಲೆ ತಂದೆಯವರು ವರ್ಷಕ್ಕೊಮ್ಮೆ ತಪ್ಪದೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಿ ಬರುತ್ತಿದ್ದರು. “ಕೇಳಿದ್ದಕ್ಕೆ ಕೊಡಬೇಕು” ಎನ್ನುತ್ತಿದ್ದರು. ಆ ಲೈಸೆನ್ಸು ೧೯೮೦ರ ದಶಕದಲ್ಲಿ ಪೂರ್ತಿಯಾಗಿ ನಿಂತುಹೋಯಿತು. ಈಗ ಸರಕಾರದ ಬೊಕ್ಕಸ ಮತ್ತು ಜಾಹೀರಾತುಗಳು ಆ ಭಾರ ಹೊತ್ತಿವೆ. ಕೊಡುವ ಕೈ ಬದಲಾಯಿತೇ ಹೊರತು ಕೊಡುವುದು ನಿಲ್ಲಲಿಲ್ಲ.

ಇನ್ನು ನನ್ನದೇ ಒಂದು ತಪ್ಪೊಪ್ಪಿಗೆ. ಫಿಲಿಪ್ಸ್ ಕಂಪೆನಿಯವರು ೧೯೬೩ರಲ್ಲಿ ಹೊರತಂದ ಕ್ಯಾಸೆಟ್ಟು ನಮ್ಮ ಕಡೆಯ ಮನೆಮನೆಗೆ ಬಂದದ್ದು ಎಂಬತ್ತರ ದಶಕದಲ್ಲಿ. ಗಲ್ಫಿನಿಂದ ಬಂದ ನೆಂಟರೊಬ್ಬರು ನನಗೊಂದು ಟೇಪ್ ರೆಕಾರ್ಡರು ತಂದುಕೊಟ್ಟರು. ಮರುವಾರದಿಂದಲೇ ನಾನು ಅದನ್ನು ಹೆಗಲಿಗೆ ಹಾಕಿಕೊಂಡು ಆಟಗಳಿಗೆ ಹೋಗತೊಡಗಿದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಒಂದು ಬೆಳಗ್ಗೆ, ಆಟ ಮುಗಿದ ಮೇಲೆ, ಚಹಾದಂಗಡಿಯಲ್ಲಿ ಆ ರಾತ್ರಿ ಹಾಡಿದ ಭಾಗವತರು ನನ್ನ ಎದುರಿಗೇ ಬಂದು ಕುಳಿತರು. ಹೆಗಲಿನ ಪೆಟ್ಟಿಗೆಯನ್ನು ನೋಡಿ, “ಮಾಷ್ಟ್ರೆ, ರೆಕಾರ್ಡು ಮಾಡಿದ್ದೀರೊ?” ಎಂದರು. ಬಯ್ಯುತ್ತಾರೆಂದು ನಾನು ತಲೆ ತಗ್ಗಿಸಿದೆ. ಅವರು ಬಯ್ಯಲಿಲ್ಲ. “ನನಗೂ ಒಂದು ಕ್ಯಾಸೆಟ್ಟು ಮಾಡಿ ಕೊಡಿ. ನನ್ನ ಪದ ನನ್ನ ಹತ್ತಿರ ಒಂದೂ ಇಲ್ಲ” ಎಂದರು.

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅವರ ಧ್ವನಿ ಎಷ್ಟೋ ಮನೆಗಳ ಕಪಾಟಿನಲ್ಲಿತ್ತು, ಅವರ ಮನೆಯಲ್ಲಿರಲಿಲ್ಲ. ನಾನು ಕ್ಯಾಸೆಟ್ಟು ಮಾಡಿ ಕೊಟ್ಟೆ. ಆದರೆ ಅದೇ ಮುದ್ರಣವನ್ನು ಒಬ್ಬ ಗೆಳೆಯನಿಗೂ ಕೊಟ್ಟಿದ್ದೆ. ಅವನು ಇನ್ನೊಬ್ಬನಿಗೆ ಕೊಟ್ಟ. ಎರಡು ವರ್ಷದ ಮೇಲೆ ಅದು ಜಾತ್ರೆಯ ಸಂತೆಯಲ್ಲಿ ಮಾರಾಟಕ್ಕೆ ಕುಳಿತಿತ್ತು. ಹೊದಿಕೆಯ ಮೇಲೆ ಪ್ರಸಂಗದ ಹೆಸರಿತ್ತು, ದರವಿತ್ತು, ಹಾಡಿದವರ ಹೆಸರಿರಲಿಲ್ಲ. ಮಾರಿದವನಿಗೆ ಹಣ ಬಂದಿತು. ಭಾಗವತರಿಗೆ ಒಂದು ಕಾಸೂ ಹೋಗಲಿಲ್ಲ. ಅದಕ್ಕೆ ದಾರಿ ಮಾಡಿಕೊಟ್ಟವನು ನಾನೇ.

ಕ್ಯಾಸೆಟ್ಟು ಹೋಗಿ ಸೀಡಿ ಬಂದಿತು. ಅತ್ತ ಅಮೆರಿಕದಲ್ಲಿ ೧೯೯೯ರಲ್ಲಿ ನ್ಯಾಪ್‌ಸ್ಟರ್ ಎಂಬುದೊಂದು ಹುಟ್ಟಿ, ಒಬ್ಬರ ಕಂಪ್ಯೂಟರಿನಲ್ಲಿದ್ದ ಹಾಡನ್ನು ಇನ್ನೊಬ್ಬರು ಹಣವಿಲ್ಲದೆ ಇಳಿಸಿಕೊಳ್ಳುವಂತೆ ಮಾಡಿತು; ನ್ಯಾಯಾಲಯದ ದೆಸೆಯಿಂದ ೨೦೦೧ರಲ್ಲಿ ಮುಚ್ಚಿತು. ಆದರೆ ಆ ದಾರಿ ಮುಚ್ಚಲಿಲ್ಲ. ನಮ್ಮ ಪೇಟೆಗಳ ಮೊಬೈಲ್ ಅಂಗಡಿಗಳಲ್ಲಿ ಮೂವತ್ತು ನಲವತ್ತು ರೂಪಾಯಿ ಕೊಟ್ಟರೆ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿಗೆ ನೂರಾರು ಹಾಡು ತುಂಬಿಸಿ ಕೊಡುತ್ತಿದ್ದ ಕಾಲವೊಂದಿತ್ತು. ನಾನೂ ತುಂಬಿಸಿಕೊಂಡಿದ್ದೇನೆ. ಹಣ ಕೊಟ್ಟೆನಲ್ಲ ಎಂಬ ಸಮಾಧಾನ ಬೇರೆ! ಕೊಟ್ಟದ್ದು ಯಾರಿಗೆ ಎಂದು ಕೇಳಿಕೊಳ್ಳಲಿಲ್ಲ.

ಆ ದಿನಗಳಲ್ಲೇ ನನ್ನ ಪರಿಚಯದ ಒಬ್ಬರು, ಮಕ್ಕಳಿಗೆ ಭಜನೆ ಹೇಳಿಕೊಡುವವರು, ಸಾಲ ಮಾಡಿ ತಮ್ಮದೊಂದು ಭಕ್ತಿಗೀತೆಗಳ ಸೀಡಿ ತಂದರು. ಬರೆದವರಿಗೆ ಕೊಟ್ಟರು, ತಬಲದವರಿಗೆ ಕೊಟ್ಟರು, ಸ್ಟುಡಿಯೋದ ಬಾಡಿಗೆ ಕೊಟ್ಟರು. ಹಾಡುಗಳು ಚೆನ್ನಾಗಿದ್ದುವು. ವರ್ಷ ತುಂಬುವುದರೊಳಗೆ ಎಲ್ಲರ ಮೊಬೈಲಿನಲ್ಲೂ ಅವೇ. ಸೀಡಿಯ ಪೆಟ್ಟಿಗೆಗಳು ಮಾತ್ರ ಅವರ ಮನೆಯ ಅಟ್ಟದ ಮೇಲೆ ಉಳಿದುವು. ಒಮ್ಮೆ ದೇವಸ್ಥಾನದ ಉತ್ಸವದಲ್ಲಿ ಧ್ವನಿವರ್ಧಕದಿಂದ ಅವರದೇ ಹಾಡು ಕೇಳಿಬಂದಾಗ ನಾವಿಬ್ಬರೂ ಒಟ್ಟಿಗೆ ನಿಂತಿದ್ದೆವು. ಅವರ ಮುಖದಲ್ಲಿ ಸಂತೋಷವಿತ್ತು. “ಎರಡನೆಯ ಸೀಡಿ ಯಾವಾಗ?” ಎಂದು ಕೇಳಿದೆ. “ಮೊದಲನೆಯದರ ಸಾಲ ತೀರಲಿ” ಎಂದರು. ಎರಡನೆಯದು ಬರಲೇ ಇಲ್ಲ.

ಮೊಮ್ಮಗನ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ಇದನ್ನು ನೆನೆದಾಗಲೇ. ಹೋದದ್ದೇನು ಎಂದರೆ, ಹಾಡಿದ ಹಾಡಲ್ಲ. ಹಾಡಬೇಕಾಗಿದ್ದ ಮುಂದಿನ ಹಾಡು. ಬೆಳಕು ಹಾಗೆಯೇ ಇತ್ತು, ಎಣ್ಣೆ ತೀರಿಹೋಯಿತು.

ಇದಕ್ಕೆ ಎದುರಾಗಿ ಜನ ಕೆಲವು ಮಾತು ಹೇಳುವುದುಂಟು. “ದುಡ್ಡು ಹೋಗುವುದು ದೊಡ್ಡ ಕಂಪೆನಿಗೆ, ಹಾಡಿದವನಿಗಲ್ಲ, ಹಾಗಿರುವಾಗ ಕೊಡುವುದೇಕೆ?” ಎಂಬುದು ಮೊದಲನೆಯದು. ಇದರಲ್ಲಿ ಹುರುಳಿಲ್ಲದಿಲ್ಲ. ನಮ್ಮ ದೇಶದ ಹೆಸರಾಂತ ಗಾಯಕಿ ಗೌಹರ್ ಜಾನ್ ಕಲ್ಕತ್ತದಲ್ಲಿ ೧೯೦೨ರಲ್ಲಿ ಗ್ರಾಮಾಫೋನಿಗೆ ಹಾಡಿದರು. ಅವರ ತಟ್ಟೆಗಳು ದೇಶವನ್ನೆಲ್ಲ ಸುತ್ತಿದುವು. ಅವರಾದರೋ ಕೊನೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು ೧೯೩೦ರಲ್ಲಿ ಅಲ್ಲೇ ತೀರಿಕೊಂಡರು. ನಮ್ಮ ಕೃತಿಸ್ವಾಮ್ಯದ ಕಾಯಿದೆ ಆದದ್ದು ೧೯೫೭ರಲ್ಲಿ. ಅದರಲ್ಲಿ ಹಾಡುವವನಿಗೆ ಬಹುಕಾಲ ಜಾಗವೇ ಇರಲಿಲ್ಲ. ೧೯೭೭ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಚಲನಚಿತ್ರ ಸಂಗೀತದ ಮೊಕದ್ದಮೆಯೊಂದು ಬಂದಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಈ ಕೊರತೆಯನ್ನು ಎತ್ತಿ ಆಡಿದರು. ೧೯೯೪ರ ತಿದ್ದುಪಡಿಯಲ್ಲಿ ಹಾಡುವವರಿಗೆ ಹಕ್ಕು ಬಂದಿತು. ೨೦೧೨ರ ತಿದ್ದುಪಡಿಯಲ್ಲಿ, ಹಾಡು ಬರೆದವರಿಗೂ ಸ್ವರ ಕೂಡಿಸಿದವರಿಗೂ ಬರುವ ಗೌರವಧನದ ಪಾಲನ್ನು ಅವರಿಂದ ಬರೆಸಿಕೊಂಡು ಕಿತ್ತುಕೊಳ್ಳಲಾಗದಂತೆ ಮಾಡಲಾಯಿತು. ಕಂಪೆನಿ ಕೊಡುವುದು ಸಾಲದು ಎಂಬುದು ನಿಜವಿರಬಹುದು. ಆದರೆ ಒಡೆಯನು ಆಳಿಗೆ ಕಡಿಮೆ ಕೂಲಿ ಕೊಡುತ್ತಾನೆಂದು ನಾವು ಹೋಗಿ ಆ ಆಳಿನ ಊಟದ ಬುತ್ತಿಯನ್ನೇ ಎತ್ತಿಕೊಂಡು ಬಂದರೆ ನ್ಯಾಯವಾಗುತ್ತದೆಯೆ?

“ಬಿಟ್ಟಿಯಾಗಿ ಹರಡಿದರೆ ಹೆಸರು ಬರುತ್ತದೆ” ಎಂಬುದು ಎರಡನೆಯ ಮಾತು. ಬರುತ್ತದೆ, ಸುಳ್ಳಲ್ಲ. ಆದರೆ ಹೆಸರು ಬೇಕೊ, ಹಣ ಬೇಕೊ ಎಂದು ನಿರ್ಧರಿಸಬೇಕಾದವನು ಹಾಡುವವನು, ಕೇಳುವವನಲ್ಲ. ಎಷ್ಟೋ ಕಲಾವಿದರು ತಾವಾಗಿಯೇ ತಮ್ಮ ಹಾಡನ್ನು ಎಲ್ಲರೂ ಕೇಳಲೆಂದು ಅಂತರಜಾಲದಲ್ಲಿ ಇಡುತ್ತಾರೆ. ಅದು ಅವರೇ ನಡೆಸುವ ಹರಕೆಯಾಟ. ನಾವು ಧಾರಾಳವಾಗಿ ಕುಳಿತು ಕೇಳಬಹುದು.

“ನಮ್ಮ ಹತ್ತಿರ ದುಡ್ಡಿಲ್ಲ” ಎಂಬುದು ಮೂರನೆಯದು. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನೆಲದ ಟಿಕೇಟಿಗೂ ಗತಿಯಿಲ್ಲದ ಹುಡುಗರನ್ನು ಎಷ್ಟೋ ಮೇಳಗಳ ಯಜಮಾನರು ಕಂಡೂ ಕಾಣದ ಹಾಗೆ ಒಳಗೆ ಬಿಟ್ಟದ್ದುಂಟು. ಆದರೆ ಇಂದು ಕ್ರಮವಾದ ದಾರಿಯಲ್ಲೇ ಹಣವಿಲ್ಲದೆ ಕೇಳಲು ಅವಕಾಶವಿದೆ. ನಡುನಡುವೆ ಜಾಹೀರಾತು ಬರುತ್ತದೆ, ಅಷ್ಟೆ. ಆ ಜಾಹೀರಾತಿನವನೇ ನಮ್ಮ ಪರವಾಗಿ ವೀಳ್ಯ ಕೊಡುತ್ತಾನೆ. ಅದನ್ನೂ ಸಹಿಸಲಾರದೆ ಕಳ್ಳದಾರಿಯಿಂದ ಇಳಿಸಿಕೊಳ್ಳುವವನನ್ನು ಬಡವ ಎನ್ನುವುದು ಕಷ್ಟ.

ಕಾಯಿದೆ ಏನು ಹೇಳುತ್ತದೆ ಎಂದು ಕೆಲವರು ಕೇಳಬಹುದು. ನಾನು ವಕೀಲನಲ್ಲ. ಸ್ವಂತ ಉಪಯೋಗಕ್ಕಾಗಿ ನ್ಯಾಯವಾದ ರೀತಿಯಲ್ಲಿ ಬಳಸಿಕೊಳ್ಳಲು ಕಾಯಿದೆಯಲ್ಲಿ ಒಂದಿಷ್ಟು ಎಡೆಯಿದೆ. ಅಕ್ರಮವಾಗಿ ನಕಲು ಮಾಡಿ ಮಾರುವವನಿಗೆ ಮೂರು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಯವರೆಗೆ ದಂಡವೂ ಇದೆ. ಹರಕೆಯಾಟಕ್ಕೂ ಡೇರೆಯಾಟಕ್ಕೂ ಇರುವ ಭೇದವನ್ನು ಕಾಯಿದೆಯೂ ಬಲ್ಲುದು ಎಂಬುದು ನನಗೆ ಮೆಚ್ಚುಗೆಯಾದ ಸಂಗತಿ. ಮದುವೆಯ ಮೆರವಣಿಗೆಯಲ್ಲಿ, ದೇವತಾ ಕಾರ್ಯದಲ್ಲಿ ಹಾಡನ್ನು ನುಡಿಸಿದರೆ ಅದು ತಪ್ಪಾಗುವುದಿಲ್ಲ. ಹವ್ಯಾಸಿ ಸಂಘದವರು ಟಿಕೇಟಿಲ್ಲದೆ ಪ್ರದರ್ಶಿಸಿದರೂ ರಿಯಾಯಿತಿ ಉಂಟು.

ಈ ಭೇದ ನಮ್ಮ ಜಿಲ್ಲೆಯದೇ ಒಂದು ವ್ಯಾಜ್ಯದಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿದೆ. ಡಾ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ಬ್ಯಾಲೆಗಳನ್ನು ರಚಿಸಿದುದು ನಿಮಗೆ ತಿಳಿದಿದೆ. ಅವರು ೧೯೯೪ರಲ್ಲಿ ಬರೆದ ಉಯಿಲಿನಿಂದ, ೧೯೯೭ರಲ್ಲಿ ಅವರು ತೀರಿಕೊಂಡ ಮೇಲೆ, ಕೃತಿಗಳ ಹಕ್ಕು ಬಿ. ಮಾಲಿನಿ ಮಲ್ಯರಿಗೆ ಬಂದಿತು. ೨೦೦೧ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ನಿನವರು ದಿಲ್ಲಿಯಲ್ಲಿ ಅಂಥದೊಂದು ಬ್ಯಾಲೆ ಆಡಿಸಿದಾಗ, ಅಪ್ಪಣೆ ಪಡೆಯಲಿಲ್ಲವೆಂದು ಮಲ್ಯರು ಉಡುಪಿಯ ನ್ಯಾಯಾಲಯಕ್ಕೆ ಹೋದರು. ೨೦೦೯ರಲ್ಲಿ ಸುಪ್ರೀಂ ಕೋರ್ಟು, ಕಾರಂತರ ರಚನೆಗಳ ಹಕ್ಕು ಮಲ್ಯರದೆಂದು ಎತ್ತಿಹಿಡಿಯಿತು; ಆದರೆ ಶಿಕ್ಷಣಕ್ಕಾಗಿ, ಹಣ ತೆಗೆದುಕೊಳ್ಳದೆ ಆಡುವಂಥ ಸಂದರ್ಭಗಳಿಗೆ ಕಾಯಿದೆ ಕೊಟ್ಟಿರುವ ರಿಯಾಯಿತಿ ಅಕಾಡೆಮಿಗೂ ಉಂಟೆಂದು ತಿಳಿಸಿತು. ಅಲ್ಲಿ ಇದ್ದವರು ಎರಡೂ ಕಡೆ ಕಲೆಯನ್ನು ಪ್ರೀತಿಸುವವರೇ. ಪ್ರೀತಿಯೊಂದೇ ಹಕ್ಕಲ್ಲ, ಕೇಳಬೇಕು ಎಂಬುದೇ ಅದರಿಂದ ನಾನು ಕಲಿತ ಪಾಠ.

ಹಾಗೆಂದು ನಕಲು ಮಾಡಿದ್ದೆಲ್ಲ ಪಾಪವೆ? ಇಲ್ಲಿ ನಾನು ಸ್ವಲ್ಪ ತಡೆಯುತ್ತೇನೆ. ಗುಂಡ್ಮಿ ಕಾಳಿಂಗ ನಾವಡರ ಕಂಠವನ್ನು ನೆನೆಯಿರಿ. ೧೯೫೮ರಲ್ಲಿ ಹುಟ್ಟಿ ೧೯೯೦ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಆ ಭಾಗವತರನ್ನು ಇಂದಿನ ಹುಡುಗರು ಕಂಡವರಲ್ಲ. ಆದರೂ ಅವರ ಪದವನ್ನು ಗುರುತಿಸುತ್ತಾರೆ. ಧ್ವನಿಮುದ್ರಣ ಇಲ್ಲದಿದ್ದರೆ ಇದು ಸಾಧ್ಯವಿತ್ತೆ? ಅಂಗಡಿಯಲ್ಲಿ ಎಂದೂ ಸಿಗದ ಎಷ್ಟೋ ರಾತ್ರಿಗಳ ಹಾಡು, ನಿದ್ದೆಗೆಟ್ಟು ರೆಕಾರ್ಡರು ಹಿಡಿದು ಕುಳಿತ ಅಭಿಮಾನಿಗಳಿಂದಲೇ ಉಳಿದಿದೆ. ಹಣ ಕೊಡುತ್ತೇನೆಂದರೂ ಕೊಳ್ಳಲು ಸಿಗದ ಹಾಡನ್ನು ಕಾಪಾಡುವುದಕ್ಕೂ, ನಾಳೆ ಬೆಳಗ್ಗೆ ಕೊಳ್ಳಬಹುದಾದ ಹಾಡನ್ನು ಕದ್ದು ಇಳಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯವನು ಎಣ್ಣೆ ಹೊಯ್ಯುವವರಲ್ಲಿ ಒಬ್ಬ. ಆದರೆ ಅವನು ಅದನ್ನು ಮಾರಬಾರದು, ಹಾಡಿದವರ ಹೆಸರನ್ನು ಅಳಿಸಬಾರದು, ಅವರೊ ಅವರ ಮನೆಯವರೊ ಕೇಳಿದರೆ ಇಲ್ಲವೆನ್ನಬಾರದು.

ಆದುದರಿಂದ ನಾನು ಮನೆಯಲ್ಲಿ ಒಂದು ಸಣ್ಣ ನಿಯಮ ಮಾಡಿಕೊಂಡಿದ್ದೇನೆ. ಹಾಡನ್ನು ಇಳಿಸಿಕೊಳ್ಳುವ ಮುಂಚೆ, ಇದರ ವೀಳ್ಯ ಕೊಟ್ಟವರು ಯಾರು ಎಂದು ಕೇಳಿಕೊಳ್ಳುವುದು. ಹರಕೆಯವನೊ, ಸರಕಾರವೊ, ಜಾಹೀರಾತಿನವನೊ, ಹಾಡಿದವನೇ ಮನಸಾರೆ ಬಿಟ್ಟುಕೊಟ್ಟನೊ, ಯಾರಾದರೂ ಕೊಟ್ಟಿದ್ದರೆ ಸಂತೋಷದಿಂದ ಕೇಳುವುದು. ಯಾರೂ ಕೊಡದಿದ್ದರೆ, ಆ ಸರದಿ ನಮ್ಮದೆಂದು ತಿಳಿಯುವುದು. ತಿಂಗಳಿಗೊಂದು ಚಂದಾ, ಅದು ನಾಲ್ಕು ಲೋಟ ಚಹಾದ ಬೆಲೆಗಿಂತ ಬಹಳ ಹೆಚ್ಚೇನೂ ಆಗಲಾರದು.

ಆ ಸಂಜೆ ಮೊಮ್ಮಗನಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. “ಈ ಪದ ಹಾಡಿದವರು ಯಾರೆಂದು ನೋಡಿ ಹೇಳು” ಎಂದೆ, ಅಷ್ಟೆ. ಅವನು ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿದ. ಇಳಿಸಿಕೊಂಡ ಜಾಗದ ಹೆಸರಿತ್ತು. ಹಾಡಿದವರ ಹೆಸರಿರಲಿಲ್ಲ, ಸಂತೆಯ ಆ ಕ್ಯಾಸೆಟ್ಟಿನ ಹಾಗೆಯೇ. ನನಗೆ ಕಂಠದ ಗುರುತಿತ್ತು, ಹೇಳಿದೆ. ಅವನು ಬರೆದುಕೊಂಡ. “ಅವರು ಈಗಲೂ ಹಾಡುತ್ತಾರೆಯೆ ಅಜ್ಜ?” ಎಂದ. “ಹಾಡುತ್ತಾರೆ. ಬರುವ ಶನಿವಾರ ಹತ್ತಿರದಲ್ಲೇ ಆಟ ಉಂಟು. ಟಿಕೇಟು ಇಟ್ಟಿದ್ದಾರಂತೆ” ಎಂದೆ.

ಕೇಳುಗರೆ, ನಿಮ್ಮ ಮನೆಯ ಕಪಾಟಿನಲ್ಲೂ ಹಳೆಯ ಕ್ಯಾಸೆಟ್ಟುಗಳಿರಬಹುದು. ಬಿಡುವಿದ್ದಾಗ ಹೊರಗೆ ತೆಗೆಯಿರಿ. ಹಾಡಿದವರು ಯಾರು, ಯಾವ ಊರಿನಲ್ಲಿ, ಯಾವ ವರ್ಷ ಎಂಬುದನ್ನು ಅವುಗಳ ಮೇಲೆ ಬರೆದಿಡಿ. ಅವರು ಇನ್ನೂ ಇದ್ದರೆ ಒಂದು ಪ್ರತಿಯನ್ನು ಅವರ ಮನೆಗೆ ತಲುಪಿಸಿ ಬನ್ನಿ. ಬರಿಗೈಯಲ್ಲಿ ಮಾತ್ರ ಹೋಗಬೇಡಿ.